ಲೆಕ್ಕ ಸರಿ ಇತ್ತು, ಕಾಲೇಜು ಮುಳುಗಿತು: ಕೊರಿಂಥಿಯನ್ ಪ್ರಕರಣ

2015ರ ಏಪ್ರಿಲ್ 26, ಭಾನುವಾರ. ಸೋಮವಾರದಿಂದ ತಮ್ಮ ಕಾಲೇಜೇ ಇರುವುದಿಲ್ಲ ಅನ್ನುವುದು ಅಮೆರಿಕದ ಸುಮಾರು 16,000 ವಿದ್ಯಾರ್ಥಿಗಳಿಗೆ ಗೊತ್ತಾಗಿದ್ದು ಅವತ್ತು. 28 ಕ್ಯಾಂಪಸ್‌ಗಳಿಗೆ ಒಟ್ಟಿಗೇ ಬೀಗ ಬಿತ್ತು. ಹೆಚ್ಚಿನವು ಕ್ಯಾಲಿಫೋರ್ನಿಯಾದಲ್ಲಿದ್ದವು. ತರಗತಿ ಇಲ್ಲ, ಮೇಷ್ಟ್ರಿಗೆ ಕೆಲಸ ಇಲ್ಲ, ಸಾಲ ಮಾತ್ರ ಇದ್ದ ಹಾಗೇ ಇತ್ತು.

ಎಂಟು ದಿನ ಬಿಟ್ಟು, ಮೇ 4ಕ್ಕೆ, ಕಂಪನಿ ಡೆಲವೇರ್‌ನ ಕೋರ್ಟಿಗೆ ದಿವಾಳಿ ಅರ್ಜಿ ಹಾಕಿತು. ಆಸ್ತಿ ಸುಮಾರು 1.9 ಕೋಟಿ ಡಾಲರ್, ಕೊಡಬೇಕಾದ ಬಾಕಿ 14.3 ಕೋಟಿ ಡಾಲರ್. ಇದು ಕೊರಿಂಥಿಯನ್ ಕಾಲೇಜಸ್ ಅನ್ನುವ ಕಂಪನಿ. 1995ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿ, ಕಷ್ಟದಲ್ಲಿದ್ದ ಸಣ್ಣಪುಟ್ಟ ಕಾಲೇಜುಗಳನ್ನು ಒಂದೊಂದಾಗಿ ಕೊಂಡು, 1999ರಲ್ಲಿ ಷೇರು ಪೇಟೆಗೆ ಬಂದಿತ್ತು. ಬೋರ್ಡಿನ ಮೇಲೆ ಇರುತ್ತಿದ್ದ ಹೆಸರುಗಳು ಬೇರೆ: ಎವರೆಸ್ಟ್, ಹೀಲ್ಡ್, ವಯೋಟೆಕ್. ಮೆಡಿಕಲ್ ಅಸಿಸ್ಟೆಂಟ್, ಡೆಂಟಲ್ ಅಸಿಸ್ಟೆಂಟ್, ಅಕೌಂಟಿಂಗ್, ಕಾರು ರಿಪೇರಿ, ಇಂಥ ಕೋರ್ಸ್‌ಗಳು. 2010ರ ಹೊತ್ತಿಗೆ ಸುಮಾರು 1,10,000 ವಿದ್ಯಾರ್ಥಿಗಳಿದ್ದರು. ಕೊನೆಯ ವರ್ಷಗಳಲ್ಲಿ ಫೆಡರಲ್ ಸರ್ಕಾರದ, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ, ವಿದ್ಯಾರ್ಥಿ ಸಾಲ ಮತ್ತು ಸಹಾಯಧನದಿಂದಲೇ ವರ್ಷಕ್ಕೆ ಸುಮಾರು 140 ಕೋಟಿ ಡಾಲರ್ ಬರುತ್ತಿತ್ತು.

ಇದನ್ನು ಬರೀ ಒಂದು ಮೋಸದ ಕಂಪನಿಯ ಕತೆ ಅಂತ ಹೇಳಿ ಮುಗಿಸುವವರು ಜಾಸ್ತಿ. ನನಗೆ ಅಷ್ಟಕ್ಕೇ ಬಿಡಲು ಮನಸ್ಸಿಲ್ಲ. ಈ ಕಂಪನಿಯ ಮೇಲೆ ನಿಯಮಗಳಿಗೆ ಏನೂ ಕೊರತೆ ಇರಲಿಲ್ಲ. ಎಷ್ಟು ಪಾಲು ಹಣ ಸರ್ಕಾರದ್ದಾಗಿರಬಹುದು ಅನ್ನುವುದಕ್ಕೆ ಒಂದು ನಿಯಮ, ಎಷ್ಟು ಜನ ಸಾಲ ಕಟ್ಟದೆ ಕೂತರೆ ಕಾಲೇಜಿಗೆ ಶಿಕ್ಷೆ ಅನ್ನುವುದಕ್ಕೆ ಒಂದು, ಎಷ್ಟು ಜನಕ್ಕೆ ಕೆಲಸ ಸಿಗಬೇಕು ಅನ್ನುವುದಕ್ಕೆ ಇನ್ನೊಂದು. ಎಲ್ಲವೂ ಒಂದೊಂದು ಅಂಕಿ. ಕಂಪನಿ ಆ ಅಂಕಿಯನ್ನು ಹುಟ್ಟಿಸುವುದನ್ನು ಕಲಿತುಬಿಟ್ಟಿತು. ವರ್ಷಗಟ್ಟಲೆ ಕಾಗದದ ಮೇಲೆ ಪಾಸಾಗುತ್ತಲೇ ಹೋಯಿತು.

ಮೊದಲನೆಯದು 90/10 ನಿಯಮ. ಲಾಭಕ್ಕಾಗಿ ನಡೆಯುವ ಕಾಲೇಜು ತನ್ನ ಆದಾಯದಲ್ಲಿ 90 ಶೇಕಡಾಕ್ಕಿಂತ ಜಾಸ್ತಿ ಫೆಡರಲ್ ವಿದ್ಯಾರ್ಥಿ ನೆರವಿನಿಂದ ತೆಗೆದುಕೊಳ್ಳುವ ಹಾಗಿಲ್ಲ. 1992ರಲ್ಲಿ ಬಂದಾಗ ಇದು 85/15 ಇತ್ತು, 1998ರಲ್ಲಿ 90/10 ಆಯಿತು. ಹಿಂದಿನ ಯೋಚನೆ ಒಳ್ಳೆಯದೇ. ಕಾಲೇಜಿನಲ್ಲಿ ನಿಜವಾಗಿ ಏನಾದರೂ ಕಲಿಸುತ್ತಿದ್ದರೆ ನೂರರಲ್ಲಿ ಹತ್ತು ರೂಪಾಯಿಯನ್ನಾದರೂ ಯಾರೋ ತಮ್ಮ ಜೇಬಿನಿಂದ ಕೊಡುತ್ತಾರೆ ಅಲ್ವಾ, ಅಂತ.

ಈಗ ಕೊರಿಂಥಿಯನ್‌ಗೆ ಬರುತ್ತಿದ್ದವರನ್ನು ನೋಡಿ. ಬಹುತೇಕ ಬಡ ಕುಟುಂಬದವರು, ಮನೆಯಲ್ಲಿ ಮೊದಲ ಸಲ ಕಾಲೇಜಿಗೆ ಹೋಗುತ್ತಿರುವವರು. ಅವರ ಜೇಬಿನಲ್ಲಿ ಆ ಹತ್ತು ಇಲ್ಲ. ಹಾಗಾದರೆ ಅದು ಬರುವುದು ಎಲ್ಲಿಂದ?

ಫೀಸ್ ಕಡಿಮೆ ಮಾಡಿದರೆ ಪೂರ್ತಿ ಹಣ ಫೆಡರಲ್ ಸಾಲದಲ್ಲೇ ಮುಗಿದುಹೋಗುತ್ತದೆ, ಆಗ ಕಾಲೇಜು ನಿಯಮಕ್ಕೆ ತಪ್ಪಿದಂತಾಗುತ್ತದೆ. ಫೀಸ್ ಏರಿಸಿದರೆ? ಫೆಡರಲ್ ಸಾಲಕ್ಕೆ ಮಿತಿ ಇದೆ. ಮಿತಿ ದಾಟಿದ ಭಾಗಕ್ಕೆ ವಿದ್ಯಾರ್ಥಿ ಹೊರಗೆ ಸಾಲ ಹುಡುಕಲೇಬೇಕು. ಹೊರಗಿನ ಸಾಲ ಅಂದರೆ ಲೆಕ್ಕದ ಪುಸ್ತಕದಲ್ಲಿ ಸರ್ಕಾರದ್ದಲ್ಲದ ಹಣ. ಹತ್ತು ಸಿಕ್ಕಿತು! ಫೀಸ್ ಜಾಸ್ತಿ ಇಟ್ಟಷ್ಟೂ ನಿಯಮ ಪಾಲಿಸುವುದು ಸುಲಭ ಆಗುವ ಇಂಥ ನಿಯಮ ನಾನು ಬೇರೆ ಎಲ್ಲೂ ಕಂಡಿಲ್ಲ.

ಆ ಹೊರಗಿನ ಸಾಲದ ಹೆಸರು ಜೆನೆಸಿಸ್. ಕೊಡುತ್ತಿದ್ದವರು ಹೊರಗಿನವರು, ಕೊಡಿಸುತ್ತಿದ್ದದ್ದು ಕಂಪನಿಯೇ. ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋ, ಅಂದರೆ ಸಿಎಫ್‌ಪಿಬಿ, 2014ರ ಸೆಪ್ಟೆಂಬರ್‌ನಲ್ಲಿ ಹೂಡಿದ ಮೊಕದ್ದಮೆಯಲ್ಲಿ ಇದನ್ನು ಬಿಡಿಸಿ ಹೇಳಿದೆ. ಎವರೆಸ್ಟ್‌ನಲ್ಲಿ ಒಂದು ಬ್ಯಾಚುಲರ್ ಡಿಗ್ರಿಗೆ 60,000ದಿಂದ 75,000 ಡಾಲರ್. ಫೆಡರಲ್ ಸಾಲದ ಮಿತಿಯನ್ನು ದಾಟಲಿ ಅಂತಲೇ ಫೀಸ್ ಏರಿಸಿಟ್ಟಿದ್ದರು ಅನ್ನುವುದು ಬ್ಯೂರೋದ ಆರೋಪ. ಫೆಡರಲ್ ಸಾಲಕ್ಕೆ ಬಡ್ಡಿ ಸುಮಾರು 3ರಿಂದ 7 ಶೇಕಡಾ ಇದ್ದ ಕಾಲದಲ್ಲಿ, ಅಂದರೆ 2011ರಲ್ಲಿ, ಜೆನೆಸಿಸ್‌ನ ಬಡ್ಡಿ ಸುಮಾರು 15 ಶೇಕಡಾ. ಫೆಡರಲ್ ಸಾಲವನ್ನು ಓದು ಮುಗಿದ ಮೇಲೆ ಕಟ್ಟಿದರಾಯಿತು. ಜೆನೆಸಿಸ್‌ಗೆ ಓದುತ್ತಿರುವಾಗಲೇ ತಿಂಗಳ ಕಂತು ಶುರು. ಕಂತು ತಪ್ಪಿದರೆ ವಿದ್ಯಾರ್ಥಿಯನ್ನು ತರಗತಿಯಿಂದ ಎಬ್ಬಿಸಿ ಕರೆಸುತ್ತಿದ್ದರು, ಕಂಪ್ಯೂಟರ್ ಬಳಸಲು ಬಿಡುತ್ತಿರಲಿಲ್ಲ, ಪುಸ್ತಕ ತಡೆಯುತ್ತಿದ್ದರು, ಸರ್ಟಿಫಿಕೇಟ್ ಹಿಡಿದಿಟ್ಟುಕೊಳ್ಳುತ್ತಿದ್ದರು. ವಸೂಲಿ ಮಾಡಿದ ಸಿಬ್ಬಂದಿಗೆ ಬೋನಸ್.

ಮೂರು ವರ್ಷದೊಳಗೆ 60 ಶೇಕಡಾಕ್ಕಿಂತ ಜಾಸ್ತಿ ಜನ ಈ ಸಾಲ ಕಟ್ಟಲಾಗದೆ ಕೈಚೆಲ್ಲಿದರು. ಅರ್ಧಕ್ಕಿಂತ ಹೆಚ್ಚು ವಸೂಲಾಗುವುದಿಲ್ಲ ಅನ್ನುವ ಅಂದಾಜು ಕಂಪನಿಗೆ ಮೊದಲೇ ಇತ್ತು. ಕಂತು 90 ದಿನ ತಪ್ಪಿದ ಸಾಲವನ್ನು ತಾನೇ ವಾಪಸ್ ಕೊಳ್ಳುತ್ತೇನೆ ಅಂತ ಸಾಲ ಕೊಟ್ಟವರಿಗೆ ಬರೆದುಕೊಟ್ಟಿದ್ದೂ ಉಂಟು. ಯಾವ ಬುದ್ಧಿ ಇರುವ ಸಾಹುಕಾರ ಹೀಗೆ ಸಾಲ ಕೊಡುತ್ತಾನೆ? ಆದರೆ ಕಂಪನಿಯ ಕಣ್ಣು ಆ ಬಡ್ಡಿಯ ಮೇಲೆ ಇರಲಿಲ್ಲ. ಅದಕ್ಕೆ ಬೇಕಾಗಿದ್ದು ಆ ಹತ್ತು. ಆ ಹತ್ತು ಇದ್ದರೆ ಉಳಿದ ತೊಂಬತ್ತು ಸರ್ಕಾರದಿಂದ ಬರುತ್ತದೆ. ಹತ್ತರಲ್ಲಿ ಆರು ಮುಳುಗಿದರೂ ತೊಂಬತ್ತರ ಮುಂದೆ ಅದು ಪೆಟ್ರೋಲ್ ಖರ್ಚಿನಷ್ಟೂ ಅಲ್ಲ. ಬಡವರ ಮೇಲೆ 15 ಶೇಕಡಾ ಬಡ್ಡಿಯ ಸಾಲ ಹೇರಲು ಕಂಪನಿಗೆ ಕಾರಣ ಕೊಟ್ಟದ್ದು, ವಿದ್ಯಾರ್ಥಿಯನ್ನು ಕಾಪಾಡಲು ಮಾಡಿದ್ದ ಈ ನಿಯಮವೇ.

ಎರಡನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾಲೇಜು ಬಿಟ್ಟವರಲ್ಲಿ 30 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಜನ ಮೂರು ವರ್ಷದೊಳಗೆ ಫೆಡರಲ್ ಸಾಲ ಕಟ್ಟದೆ ಸುಸ್ತಿದಾರರಾದರೆ, ಹೀಗೆ ಸತತ ಮೂರು ವರ್ಷ ಆದರೆ, ಕಾಲೇಜಿಗೆ ಫೆಡರಲ್ ನೆರವು ಬಂದ್. ಇದರಲ್ಲೊಂದು ಕಿಂಡಿ ಇದೆ. ಸಾಲಗಾರ ಕಂತು ಮುಂದೂಡುವ ಫೋರ್ಬೇರೆನ್ಸ್ ಅರ್ಜಿಗೆ ಸಹಿ ಹಾಕಿದರೆ ಅವನು ಸುಸ್ತಿದಾರ ಅಲ್ಲ. ಬಡ್ಡಿ ಬೆಳೆಯುತ್ತಲೇ ಇರುತ್ತದೆ, ಆದರೆ ಅಂಕಿ ಬೆಳೆಯುವುದಿಲ್ಲ. ಈ ವಲಯದ ದೊಡ್ಡ ಕಂಪನಿಗಳು ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಫೋರ್ಬೇರೆನ್ಸ್ ತೆಗೆದುಕೊಳ್ಳಿ ಅಂತ ದುಂಬಾಲು ಬೀಳಲೆಂದೇ ಜನ ಇಟ್ಟಿದ್ದನ್ನು ಸೆನೆಟರ್ ಟಾಮ್ ಹಾರ್ಕಿನ್ ಅವರ ಸಮಿತಿ 2012ರ ವರದಿಯಲ್ಲಿ ಎಳೆಎಳೆಯಾಗಿ ಬರೆದಿದೆ. ಮೂರು ವರ್ಷ ತಳ್ಳಿದರೆ ಸಾಕು, ನಾಲ್ಕನೇ ವರ್ಷ ಅವನು ಮುಳುಗಿದರೆ ಕಾಲೇಜಿನ ಲೆಕ್ಕಕ್ಕೆ ಬರುವುದಿಲ್ಲ.

ಅದೇ ವರದಿಯ ಇನ್ನೊಂದು ಸಾಲು. ಫ್ರೆಸ್ನೋದ ಹೀಲ್ಡ್ ಕಾಲೇಜಿನಲ್ಲಿ ಮೆಡಿಕಲ್ ಅಸಿಸ್ಟೆಂಟ್ ಕೋರ್ಸಿಗೆ 22,275 ಡಾಲರ್. ಅದೇ ಊರಿನ ಸರ್ಕಾರಿ ಕಮ್ಯುನಿಟಿ ಕಾಲೇಜಿನಲ್ಲಿ ಅಂಥದ್ದೇ ಕೋರ್ಸಿಗೆ 1,650.

ಅಷ್ಟು ವ್ಯತ್ಯಾಸ ಇದ್ದೂ ಜನ ಯಾಕೆ ಸೇರಿದರು? ಕೆಲಸ ಸಿಗುತ್ತದೆ ಅಂದಿದ್ದಕ್ಕೆ. ಇಲ್ಲೇ ಮೂರನೆಯ ಅಂಕಿ ಬರುವುದು, ಪ್ಲೇಸ್‌ಮೆಂಟ್. ಮಾನ್ಯತೆ ಕೊಡುವ ಸಂಸ್ಥೆಗಳು ಇಷ್ಟು ಶೇಕಡಾ ಪ್ಲೇಸ್‌ಮೆಂಟ್ ತೋರಿಸಿ ಅನ್ನುತ್ತಿದ್ದವು. ಜಾಹೀರಾತಿಗೂ ಅದೇ ಅಂಕಿ. 2013ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಆಗಿದ್ದ ಕಮಲಾ ಹ್ಯಾರಿಸ್ ಹಾಕಿದ ದಾವೆ ಓದಿದರೆ, 100 ಶೇಕಡಾ ಪ್ಲೇಸ್‌ಮೆಂಟ್ ಅಂತ ಹೇಳಿಕೊಂಡ ಕೆಲವು ಕೋರ್ಸ್‌ಗಳಲ್ಲಿ ಒಬ್ಬರಿಗಾದರೂ ಕೆಲಸ ಸಿಕ್ಕಿದ್ದಕ್ಕೆ ದಾಖಲೆ ಇರಲಿಲ್ಲ. ಅದೇ ದಾವೆಯಲ್ಲಿ ಕಂಪನಿಯ ಒಳಗಿನ ಕಾಗದಗಳೂ ಹೊರಬಂದವು. ಯಾರನ್ನು ಹಿಡಿಯಬೇಕು ಅಂತ ಅಲ್ಲಿ ಬರೆದುಕೊಂಡಿದ್ದರು: ಒಂಟಿಯಾಗಿರುವವರು, ತಾಳ್ಮೆ ಇಲ್ಲದವರು, ತಮ್ಮ ಬಗ್ಗೆ ತಮಗೇ ಬೆಲೆ ಇಲ್ಲದವರು, ತಮ್ಮನ್ನು ವಿಚಾರಿಸಿಕೊಳ್ಳುವ ಜನ ಕಡಿಮೆ ಇರುವವರು. ಇದನ್ನು ಓದಿದ ಮೇಲೆ ನನಗೆ ಸ್ವಲ್ಪ ಹೊತ್ತು ಮುಂದಿನ ಪುಟ ತಿರುಗಿಸಲು ಆಗಲಿಲ್ಲ. ವಿಚಾರಿಸುವವರಿಲ್ಲದ ಮನುಷ್ಯ ಸಿಕ್ಕಿದರೆ ನಾವು ಅಯ್ಯೋ ಪಾಪ ಅಂತೀವಿ. ಇವರು ಅವನ ಹೆಸರನ್ನು ಗಿರಾಕಿ ಅಂತ ಬರೆದುಕೊಂಡರು.

ಪ್ಲೇಸ್‌ಮೆಂಟ್ ಅಂಕಿ ಹೇಗೆ ತಯಾರಾಗುತ್ತಿತ್ತು ಅನ್ನುವುದಕ್ಕೆ ಹೀಲ್ಡ್ ಕಾಲೇಜೊಂದೇ ಸಾಕು. 2015ರ ಏಪ್ರಿಲ್ 14ರಂದು ಶಿಕ್ಷಣ ಇಲಾಖೆ ಅದಕ್ಕೆ ಸುಮಾರು 3 ಕೋಟಿ ಡಾಲರ್ ದಂಡ ಹಾಕಿತು. ತಪ್ಪು ತೋರಿಸಿದ್ದ ಪ್ಲೇಸ್‌ಮೆಂಟ್ ದರಗಳ ಸಂಖ್ಯೆ 947. ಇಲಾಖೆ ಕೊಟ್ಟ ಉದಾಹರಣೆಗಳಲ್ಲಿ ಒಂದು ಹೀಗಿದೆ. 2011ರಲ್ಲಿ ಅಕೌಂಟಿಂಗ್ ಮುಗಿಸಿದ ಒಬ್ಬ ವಿದ್ಯಾರ್ಥಿನಿಗೆ ಓದಿದ ಕ್ಷೇತ್ರದಲ್ಲೇ ಕೆಲಸ ಸಿಕ್ಕಿದೆ ಅಂತ ದಾಖಲೆ. ಆ ಕೆಲಸ ಯಾವುದು? ಟ್ಯಾಕೋ ಬೆಲ್‌ನಲ್ಲಿ ತಿಂಡಿ ಕೊಡುವ ಕೆಲಸ. ಸೇರಿದ್ದು ಯಾವಾಗ? 2006ರ ಜೂನ್‌ನಲ್ಲಿ. ಅಂದರೆ ಪಾಸಾಗುವುದಕ್ಕೆ ಐದು ವರ್ಷ ಮುಂಚೆಯೇ ಕಾಲೇಜು ಅವಳಿಗೆ ಕೆಲಸ ಕೊಡಿಸಿಬಿಟ್ಟಿತ್ತು! ಇನ್ನೊಂದು ಕಡೆ, ತಾತ್ಕಾಲಿಕ ಕೆಲಸ ಕೊಡಿಸುವ ಏಜೆನ್ಸಿಗಳಿಗೆ ಕಾಲೇಜೇ ಹಣ ಕೊಟ್ಟು, ತನ್ನ ವಿದ್ಯಾರ್ಥಿಗಳನ್ನು ತನ್ನದೇ ಕ್ಯಾಂಪಸ್ಸಿನಲ್ಲಿ ಎರಡು ದಿನದ ಮಟ್ಟಿಗೆ ಕೆಲಸಕ್ಕೆ ಹಾಕಿಸಿಕೊಂಡು, ಕಂಪ್ಯೂಟರ್ ಆ ಕೋಣೆಯಿಂದ ಈ ಕೋಣೆಗೆ ಸಾಗಿಸಿ, ವೈರುಗಳನ್ನು ಸುತ್ತಿಡಿಸಿ, ಅದನ್ನೂ ಪ್ಲೇಸ್‌ಮೆಂಟ್ ಅಂತ ಬರೆದುಕೊಂಡಿತ್ತು. ಆ ವೈರು ಸುತ್ತಿದ ಹುಡುಗ ಮನೆಗೆ ಹೋಗಿ ಏನಂತ ಹೇಳಿರಬಹುದು ಅಂತ ನಾನು ಸುಮ್ನೆ ಯೋಚಿಸುತ್ತಿರುತ್ತೇನೆ.

ಇದನ್ನೆಲ್ಲ ಪರೀಕ್ಷಿಸಬೇಕಾಗಿದ್ದ ಮಾನ್ಯತೆ ಸಂಸ್ಥೆಗಳು ಕಾಲೇಜುಗಳು ಕಟ್ಟುವ ಶುಲ್ಕದಿಂದಲೇ ನಡೆಯುತ್ತವೆ. ಬಹಳಷ್ಟು ಎವರೆಸ್ಟ್ ಕ್ಯಾಂಪಸ್‌ಗಳಿಗೆ ಮಾನ್ಯತೆ ಕೊಟ್ಟಿದ್ದ ಎಸಿಐಸಿಎಸ್ ಅನ್ನುವ ಸಂಸ್ಥೆಯ ಅಧಿಕಾರವನ್ನು ಶಿಕ್ಷಣ ಇಲಾಖೆ 2016ರಲ್ಲಿ ಕಿತ್ತುಕೊಂಡಿತು, 2018ರಲ್ಲಿ ವಾಪಸ್ ಕೊಟ್ಟಿತು, 2022ರಲ್ಲಿ ಮತ್ತೆ ಕಿತ್ತುಕೊಂಡಿತು. ಇದರ ಬಗ್ಗೆ ಇನ್ನೇನು ಹೇಳುವುದು.

ಕಂಪನಿ ಬಿದ್ದದ್ದು ಯಾವ ತೀರ್ಪಿನಿಂದಲೂ ಅಲ್ಲ. 21 ದಿನದಿಂದ. 2014ರಲ್ಲಿ ಶಿಕ್ಷಣ ಇಲಾಖೆ ಪ್ಲೇಸ್‌ಮೆಂಟ್ ದಾಖಲೆಗಳನ್ನು ಕೇಳಿತು, ಕಂಪನಿ ಸರಿಯಾಗಿ ಕೊಡಲಿಲ್ಲ. ಜೂನ್‌ನಲ್ಲಿ ಇಲಾಖೆ ಒಂದು ಸಣ್ಣ ಕ್ರಮ ತೆಗೆದುಕೊಂಡಿತು: ವಿದ್ಯಾರ್ಥಿಗಳ ಸಾಲದ ಹಣ ಇನ್ನು ಮುಂದೆ ತಕ್ಷಣ ಬಿಡುಗಡೆ ಆಗುವುದಿಲ್ಲ, 21 ದಿನ ತಡೆದು ಕೊಡುತ್ತೇವೆ ಅಂತ. ಅಷ್ಟೇ. ವರ್ಷಕ್ಕೆ ನೂರು ಕೋಟಿ ಡಾಲರಿಗೂ ಮೀರಿದ ವಹಿವಾಟಿನ ಕಂಪನಿ ಮೂರು ವಾರ ಉಸಿರು ಹಿಡಿಯಲಾರದೆ ಹೋಯಿತು. ಕೈಯಲ್ಲಿರುವ ಹಣ ಸಾಲದು ಅಂತ ಅದೇ ಒಪ್ಪಿಕೊಂಡಿತು.

ಇಲ್ಲಿ ಇಲಾಖೆ ಮಾಡಿದ್ದು ನನಗೆ ಸರಿ ಕಾಣುವುದಿಲ್ಲ. ಜೂನ್ ಕೊನೆಗೆ 1.6 ಕೋಟಿ ಡಾಲರ್ ಬಿಡುಗಡೆ ಮಾಡಿ, 85 ಕ್ಯಾಂಪಸ್ ಮಾರಿ, 12 ನಿಧಾನಕ್ಕೆ ಮುಚ್ಚಿ ಅನ್ನುವ ಒಪ್ಪಂದವನ್ನು ಜುಲೈನಲ್ಲಿ ಮಾಡಿಕೊಂಡಿತು. ಕಾರಣ ಇಲ್ಲದೆ ಇಲ್ಲ. ಒಂದೇ ಸಲ ಮುಚ್ಚಿದರೆ ಸುಮಾರು 72,000 ವಿದ್ಯಾರ್ಥಿಗಳು ಬೀದಿಗೆ ಬೀಳುತ್ತಾರೆ, ಅವರ ಸಾಲವನ್ನು ಸರ್ಕಾರ ಮನ್ನಾ ಮಾಡಬೇಕಾಗುತ್ತದೆ. ಆದರೆ ಮಾರಾಟಕ್ಕಿಟ್ಟ ಕ್ಯಾಂಪಸ್‌ಗಳಲ್ಲಿ ಹೊಸಬರನ್ನು ಸೇರಿಸಿಕೊಳ್ಳುವುದು ನಡೆದೇ ಇತ್ತು. ಮುಳುಗುವ ದೋಣಿ ಅಂತ ಗೊತ್ತಿದ್ದೂ ಟಿಕೆಟ್ ಕೌಂಟರ್ ಮುಚ್ಚಲಿಲ್ಲ. ಕೊನೆಗೆ 50ಕ್ಕೂ ಹೆಚ್ಚು ಕ್ಯಾಂಪಸ್‌ಗಳನ್ನು 2.4 ಕೋಟಿ ಡಾಲರಿಗೆ ಕೊಂಡಿದ್ದು ಇಸಿಎಂಸಿ, ವಿದ್ಯಾರ್ಥಿ ಸಾಲಗಳ ಖಾತರಿ ಮತ್ತು ವಸೂಲಿ ನೋಡಿಕೊಳ್ಳುವ ಸಂಸ್ಥೆ! ಆ ಮಾರಾಟದ ಜೊತೆಗೆ, 2015ರ ಫೆಬ್ರವರಿಯಲ್ಲಿ, ಜೆನೆಸಿಸ್ ಸಾಲಗಳಲ್ಲಿ 48 ಕೋಟಿ ಡಾಲರ್ ಮನ್ನಾ ಆಗುವ ಹಾಗೆ ಸಿಎಫ್‌ಪಿಬಿ ಒಪ್ಪಿಸಿತು. ಇಡೀ ಪ್ರಕರಣದಲ್ಲಿ ಸಮಯಕ್ಕೆ ಸರಿಯಾಗಿ ಬಂದ ಪರಿಹಾರ ಅದೊಂದೇ.

ಇನ್ನು ಫೆಡರಲ್ ಸಾಲ. ಕಾಲೇಜು ಮುಚ್ಚಿದಾಗ ಓದುತ್ತಿದ್ದವರಿಗೆ, ಮುಚ್ಚುವ ಮುಂಚಿನ 120 ದಿನದೊಳಗೆ ಬಿಟ್ಟವರಿಗೆ, ಸಾಲ ಮನ್ನಾ ಕೇಳುವ ಹಕ್ಕಿತ್ತು. ಕೊರಿಂಥಿಯನ್‌ಗಾಗಿ ಈ ಅವಧಿಯನ್ನು 2014ರ ಜೂನ್ 20ರವರೆಗೆ ಹಿಂದಕ್ಕೆ ಹಿಗ್ಗಿಸಿದರು. ಇದರಲ್ಲೂ ಒಂದು ಕೊಕ್ಕೆ. ಓದಿದ ಕ್ರೆಡಿಟ್‌ಗಳನ್ನು ಬೇರೆ ಕಾಲೇಜಿಗೆ ಸಾಗಿಸಿ ಅದೇ ಥರದ ಕೋರ್ಸ್ ಮುಗಿಸಿದರೆ ಮನ್ನಾ ಇಲ್ಲ. ಓದು ಬೇಕಾ, ಮನ್ನಾ ಬೇಕಾ, ಆರಿಸಿಕೊಳ್ಳಿ. ಯಾರಿಗೆ ಯಾವುದು ಒಳ್ಳೆಯದು ಅಂತ ಕೂತು ಹೇಳುವವರು ಇರಲಿಲ್ಲ.

ಅದಕ್ಕಿಂತ ಮುಂಚೆಯೇ ಓದು ಮುಗಿಸಿದ್ದ, ಕೆಲಸ ಸಿಗದೆ ಕೂತಿದ್ದ ಲಕ್ಷಾಂತರ ಜನಕ್ಕೆ ಉಳಿದಿದ್ದು ಒಂದೇ ದಾರಿ. ಹೆಸರು ಬಾರೋವರ್ ಡಿಫೆನ್ಸ್. ಕಾಲೇಜು ಕಾನೂನು ಮುರಿದು ಮೋಸ ಮಾಡಿದ್ದರೆ ಸಾಲಗಾರ ಅದನ್ನೇ ಕಾರಣ ಕೊಟ್ಟು ಸಾಲ ತೀರಿಸುವುದಿಲ್ಲ ಅನ್ನಬಹುದು. 1994ರಲ್ಲೇ ಬರೆದ ನಿಯಮ ಇದು. ಇಪ್ಪತ್ತು ವರ್ಷ ಇದನ್ನು ಬಳಸಿದವರು ಬೆರಳೆಣಿಕೆ. ಬಳಸುವುದಾದರೂ ಹೇಗೆ, ಅರ್ಜಿ ನಮೂನೆಯೇ ಇರಲಿಲ್ಲ! 2015ರ ಫೆಬ್ರವರಿಯಲ್ಲಿ 15 ಹಳೆಯ ವಿದ್ಯಾರ್ಥಿಗಳು ನಾವು ಸಾಲ ಕಟ್ಟುವುದಿಲ್ಲ ಅಂತ ಬಹಿರಂಗವಾಗಿ ಘೋಷಿಸಿದರು. ಕೆಲವೇ ವಾರಗಳಲ್ಲಿ ಅವರು ನೂರು ದಾಟಿದರು. ಅವರ ಬೆನ್ನಿಗಿದ್ದ ಡೆಟ್ ಕಲೆಕ್ಟಿವ್ ಅನ್ನುವ ಗುಂಪು ಅರ್ಜಿ ನಮೂನೆಯನ್ನು ತಾನೇ ತಯಾರಿಸಿ ಇಂಟರ್‌ನೆಟ್ಟಿಗೆ ಹಾಕಿತು. ಇಲಾಖೆ ಮಾಡಬೇಕಾಗಿದ್ದ ಕೆಲಸವನ್ನು ಸಾಲಗಾರರು ಮಾಡಿಕೊಂಡರು.

ಆಮೇಲೆ ಶುರುವಾಗಿದ್ದು ಕಾಯುವುದು. ಕೋರ್ಟುಗಳು ತೀರ್ಪು ಕೊಟ್ಟವು: ಸಿಎಫ್‌ಪಿಬಿ ಪರವಾಗಿ 53 ಕೋಟಿ ಡಾಲರ್, ಕ್ಯಾಲಿಫೋರ್ನಿಯಾ ಪರವಾಗಿ 110 ಕೋಟಿ ಡಾಲರ್. ವಸೂಲಿ ಮಾಡಲು ಕಂಪನಿಯೇ ಇಲ್ಲ. 2016ರಲ್ಲಿ ಬಾರೋವರ್ ಡಿಫೆನ್ಸ್‌ಗೆ ಹೊಸ ನಿಯಮ ಬಂತು, ಸರ್ಕಾರ ಬದಲಾಯಿತು, ಶಿಕ್ಷಣ ಕಾರ್ಯದರ್ಶಿ ಬೆಟ್ಸಿ ಡಿವೋಸ್ ಅದನ್ನು ತಡೆಹಿಡಿದರು, ಆ ತಡೆ ಕಾನೂನುಬಾಹಿರ ಅಂತ ಕೋರ್ಟು 2018ರಲ್ಲಿ ಹೇಳಿತು. ಈ ನಡುವೆ ಇಲಾಖೆ ಪೂರ್ತಿ ಮನ್ನಾ ಬದಲು ಭಾಗಶಃ ಮನ್ನಾ ಅನ್ನುವ ಹೊಸ ಲೆಕ್ಕ ತೆಗೆಯಿತು. ವಿದ್ಯಾರ್ಥಿಗಳ ಸರಾಸರಿ ಸಂಬಳ ನೋಡಿ ಇಷ್ಟು ಶೇಕಡಾ ಮೋಸ ಆಗಿದೆ ಅಂತ ನಿರ್ಧರಿಸುವ ಲೆಕ್ಕ. ಅದಕ್ಕಾಗಿ ಸಾಮಾಜಿಕ ಭದ್ರತಾ ಇಲಾಖೆಯ ಮಾಹಿತಿ ಬಳಸಿದ್ದು ಖಾಸಗಿತನದ ಕಾಯ್ದೆಗೆ ವಿರುದ್ಧ ಅಂತ ನ್ಯಾಯಾಧೀಶೆ ಸ್ಯಾಲಿ ಕಿಮ್ 2018ರ ಮೇನಲ್ಲಿ ತಡೆಯಾಜ್ಞೆ ಕೊಟ್ಟರು, ಈ ವಿದ್ಯಾರ್ಥಿಗಳಿಂದ ವಸೂಲಿ ನಿಲ್ಲಿಸಿ ಅಂದರು.

ನಿಲ್ಲಲಿಲ್ಲ. 16,000ಕ್ಕೂ ಹೆಚ್ಚು ಜನಕ್ಕೆ ಸಾಲ ಕಟ್ಟಿ ಅಂತ ತಪ್ಪು ನೋಟಿಸ್ ಹೋಯಿತು. ಸುಮಾರು 1,800 ಜನರ ಸಂಬಳ ಅಥವಾ ಟ್ಯಾಕ್ಸ್ ರಿಫಂಡ್ ಕಡಿತ ಆಯಿತು. ಅಮೆರಿಕದಲ್ಲಿ ಫೆಡರಲ್ ಸಾಲಕ್ಕೆ ಸಂಬಳ ಮುರಿದುಕೊಳ್ಳಲು ಇಲಾಖೆಗೆ ಕೋರ್ಟಿನ ಅನುಮತಿಯೂ ಬೇಕಿಲ್ಲ. 2019ರ ಅಕ್ಟೋಬರ್‌ನಲ್ಲಿ ಅದೇ ನ್ಯಾಯಾಧೀಶೆ ಡಿವೋಸ್ ಅವರನ್ನು ನ್ಯಾಯಾಂಗ ನಿಂದನೆಯಲ್ಲಿ ಹಿಡಿದು 1,00,000 ಡಾಲರ್ ದಂಡ ಹಾಕಿದರು. ನಿಯಮ ಪಾಲಿಸದ ಕಾಲೇಜಿನ ಪ್ರಕರಣದಲ್ಲಿ ಕೊನೆಗೆ ಕೋರ್ಟ್ ಆಜ್ಞೆ ಪಾಲಿಸದೆ ಸಿಕ್ಕಿಬಿದ್ದದ್ದು ನಿಯಮ ಮಾಡುವ ಇಲಾಖೆ.

2022ರ ಜೂನ್‌ನಲ್ಲಿ ಪೂರ್ತಿ ಮನ್ನಾ ಬಂತು. 1995ರಿಂದ 2015ರವರೆಗೆ ಕೊರಿಂಥಿಯನ್‌ನಲ್ಲಿ ಓದಿದ 5,60,000 ಜನರ ಬಾಕಿ ಉಳಿದಿದ್ದ 580 ಕೋಟಿ ಡಾಲರ್ ಫೆಡರಲ್ ಸಾಲ, ಅರ್ಜಿ ಕೂಡ ಹಾಕಬೇಕಾಗಿಲ್ಲ. ಘೋಷಿಸಿದವರಲ್ಲಿ ಅಷ್ಟರಲ್ಲಿ ಉಪಾಧ್ಯಕ್ಷೆ ಆಗಿದ್ದ ಕಮಲಾ ಹ್ಯಾರಿಸ್ ಇದ್ದರು. ಅವರು ದಾವೆ ಹಾಕಿ ಒಂಬತ್ತು ವರ್ಷ ಆಗುತ್ತಾ ಬಂದಿತ್ತು. ಹಣ ಹೋಗಿದ್ದು ತೆರಿಗೆದಾರರದ್ದು.

90/10 ನಿಯಮ ಇವತ್ತಿಗೂ ಇದೆ. ಮೊದಲು ಸೈನಿಕರಿಗೆ ಸರ್ಕಾರ ಕೊಡುವ ಶಿಕ್ಷಣ ನೆರವು ಆ ಹತ್ತರ ಕಡೆಗೆ ಸೇರುತ್ತಿತ್ತು, ಅದಕ್ಕೇ ಈ ಕಾಲೇಜುಗಳು ಮಾಜಿ ಸೈನಿಕರ ಹಿಂದೆ ಬೀಳುತ್ತಿದ್ದವು. 2021ರ ಕಾಯ್ದೆ ಅದನ್ನು ತೊಂಬತ್ತರ ಕಡೆಗೆ ಸರಿಸಿತು. ಖಾಸಗಿ ಸಾಲ ಮಾತ್ರ ಇನ್ನೂ ಹತ್ತರ ಕಡೆಗೇ ಎಣಿಕೆ.

ಸಾಲದ ಜೊತೆ ಇನ್ನೊಂದು ಖಾತೆಯೂ ಇತ್ತು. ಬಡ ವಿದ್ಯಾರ್ಥಿಗಳಿಗೆ ವಾಪಸ್ ಕೊಡಬೇಕಿಲ್ಲದ ಪೆಲ್ ಗ್ರಾಂಟ್ ಸಿಗುತ್ತದೆ, ಆದರೆ ಜೀವಮಾನಕ್ಕೆ 12 ಸೆಮಿಸ್ಟರ್ ಅಷ್ಟೇ. ಕಾಲೇಜು ಮುಚ್ಚಿದ್ದರಿಂದ ಓದು ನಿಂತವರಿಗೆ ಆ ಸೆಮಿಸ್ಟರ್‌ಗಳನ್ನು ಇಲಾಖೆ ವಾಪಸ್ ಎಣಿಸಿ ಕೊಟ್ಟಿತು. ಅದಕ್ಕೂ ಮುಂಚೆ ಎವರೆಸ್ಟ್‌ನಲ್ಲೋ ಹೀಲ್ಡ್‌ನಲ್ಲೋ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಹಿಡಿದು ಹೊರಬಂದಿದ್ದವರಿಗೆ ಆಗ ಅದು ಸಿಗಲಿಲ್ಲ. ಅವರ ಲೆಕ್ಕದಲ್ಲಿ ಆ ಸೆಮಿಸ್ಟರ್‌ಗಳು ಖರ್ಚಾದ ಹಾಗೇ ಇದ್ದವು.